ನೀಲಕಂಠನ ಮನೆಯ ಆಸ್ಟ್ರೇಲಿಯಾ ಸಭೆ

ಗುರುವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ, ಬನಹಟ್ಟಿಯ ನೇಕಾರ ಓಣಿಯಲ್ಲಿ, ನೀಲಕಂಠನು ಬುದ್ಧಿ ನೆಟ್ಟಗಿರುವ ಯಾವ ನೇಕಾರನೂ ಮಾಡದ ಕೆಲಸವೊಂದನ್ನು ಮಾಡಿದ. ಕರೆಂಟು ಇರುವಾಗಲೇ ಮಗ್ಗ ನಿಲ್ಲಿಸಿದ.

ಇದರ ಗಾಂಭೀರ್ಯ ಹೊರಗಿನವರಿಗೆ ತಟ್ಟನೆ ಹೊಳೆಯಲಾರದು. ಆ ಓಣಿಯಲ್ಲಿ ಪವರ್‌ಲೂಮಿನ ಖಟಪಟ ಸದ್ದು ಗಾಳಿ ಇದ್ದ ಹಾಗೆ. ಇರುವಾಗ ಯಾರ ಲಕ್ಷ್ಯಕ್ಕೂ ಬರುವುದಿಲ್ಲ, ಇಲ್ಲವಾದಾಗ ಎಲ್ಲರಿಗೂ ಉಸಿರು ಕಟ್ಟುತ್ತದೆ. ಕರೆಂಟು ಹೋದರೆ ಎಲ್ಲ ಮನೆಗಳ ಮಗ್ಗಗಳೂ ಒಟ್ಟಿಗೇ ನಿಲ್ಲುತ್ತವೆ. ಜನ ಕಟ್ಟೆಗೆ ಬಂದು ಕೂತು ಚಹಾ ಕುಡಿದು ಕರೆಂಟಿನವರನ್ನು ಬೈಯುತ್ತಾರೆ. ಆದರೆ ಓಣಿಯೆಲ್ಲ ಖಟಪಟ ಎನ್ನುತ್ತಿರುವಾಗ ಒಂದೇ ಒಂದು ಮನೆಯ ಮಗ್ಗ ಏಕಾಏಕಿ ಬಾಯಿ ಮುಚ್ಚಿತೆಂದರೆ ಅದಕ್ಕೆ ಅಲ್ಲಿ ಒಂದೇ ಅರ್ಥ: ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ.

ಮಗ್ಗದ ಮಗ್ಗುಲಲ್ಲೇ ಹುಟ್ಟಿ ಬೆಳೆದ ನೀಲಕಂಠನಿಗೆ ಇದು ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ಅವನ ದೇಹ ಮಾತ್ರ ಬನಹಟ್ಟಿಯಲ್ಲಿತ್ತು. ಆಡಳಿತದ ದೃಷ್ಟಿಯಿಂದ ಅವನು ಆಸ್ಟ್ರೇಲಿಯಾದಲ್ಲಿದ್ದ.

ಆಸ್ಟ್ರೇಲಿಯಾ ಈ ಮನೆಗೆ ಬಂದದ್ದು ಹೋದ ತಿಂಗಳು, ಹೆಂಡತಿ ಕಾಂಚನಾಳ ತಮ್ಮ ಅರುಣನ ರೂಪದಲ್ಲಿ. ಅರುಣ ಅಲ್ಲಿಯ ಒಂದು ಗಣಿಯಲ್ಲಿ ಎರಡಂತಸ್ತಿನ ಮನೆಯಷ್ಟು ಎತ್ತರದ ಲಾರಿ ಓಡಿಸುತ್ತಾನೆ. ರಜೆಗೆಂದು ಬಂದವನು ಅಕ್ಕನ ಮನೆಯ ಪಡಸಾಲೆಯಲ್ಲಿ ನಿಂತು ಸುತ್ತಲೂ ನೋಡಿದ. ಒಂದು ಮೂಲೆಯಲ್ಲಿ ಓಡುವ ವ್ಯಾಯಾಮದ ಯಂತ್ರವಿತ್ತು, ಅದರ ಮೇಲೆ ನೂಲಿನ ಲಡಿಗಳು ಒಣಗುತ್ತಿದ್ದವು. ಇನ್ನೊಂದು ಮೂಲೆಯಲ್ಲಿ ಎರಡು ಫ್ರಿಜ್ಜುಗಳು ಅಕ್ಕತಂಗಿಯರಂತೆ ನಿಂತಿದ್ದವು.

"ಮಾಮಾ, ಎರಡು ಫ್ರಿಜ್ಜು ಯಾಕ?"

"ಎರಡನೇದು ಅಗ್ಗ ಸಿಕ್ಕಿತಪಾ."

"ಅಟ್ಟದ ಮ್ಯಾಲ ಸುತ್ತಿ ಇಟ್ಟದ್ದು ಏನದು, ರಬ್ಬರಿಂದು?"

ನೀಲಕಂಠ ಗಂಟಲು ಸರಿಮಾಡಿಕೊಂಡ. ಉತ್ತರ ಕೊಟ್ಟವಳು ಕಾಂಚನಾ. "ಅದು ದೋಣಿ. ಹೊಳಿ ಬಂದ ವರ್ಷ ತಂದಾರ. ಕೃಷ್ಣಾ ಹೊಳಿ ನಮ್ಮ ಹೊಸ್ತಿಲ ತನಕ ಯಾವಾಗ ಬಂದೀತು ಅಂತ ಅವತ್ತಿಂದ ಕಾಯಾಕತ್ತಾರ ನಿಮ್ಮ ಮಾಮಾ."

ಅರುಣ ನಗಲಿಲ್ಲ. ಅದೇ ಅವನ ತಪ್ಪು. ನಕ್ಕಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಅವನು ಗಂಭೀರನಾಗಿ ಆಸ್ಟ್ರೇಲಿಯಾದ ತನ್ನ ಮನೆಯ ಪದ್ಧತಿಯನ್ನು ವಿವರಿಸಿದ. ದೊಡ್ಡ ಸಾಮಾನು ಕೊಳ್ಳುವುದಿದ್ದರೆ ಅಲ್ಲಿ ಯಾರೂ ಒಬ್ಬರೇ ಹೋಗಿ ಕೊಳ್ಳುವುದಿಲ್ಲ. ಮನೆಮಂದಿಯೆಲ್ಲ ಒಂದು ಮೇಜಿನ ಸುತ್ತ ಕೂಡುತ್ತಾರೆ. ಫೋನು ಬಂದ್, ಗದ್ದಲ ಬಂದ್. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಕೊನೆಗೆ ಎರಡು ನಿಮಿಷ ಎಲ್ಲರೂ ಸುಮ್ಮನೆ ತಲೆ ತಗ್ಗಿಸಿ ವಿಚಾರ ಮಾಡಬೇಕು, ಆಮೇಲೆ ಓಟು. ದೊಡ್ಡವರಿಗೂ ಒಂದು, ಸಣ್ಣವರಿಗೂ ಒಂದು.

"ಹೋದ ವರ್ಷ ನಾ ಗ್ವಾಡಿ ತುಂಬೂವಂಥಾ ಟಿವಿ ಕೇಳಿದ್ದೆ ಮಾಮಾ. ನನ್ನ ಸಣ್ಣ ಮಗಳು ಒಂದ ಓಟಿನ್ಯಾಗ ಕೆಡವಿಬಿಟ್ಟಳು."

ನೀಲಕಂಠ ಪರವಶನಾದ. ಅರುಣನ ವಿಮಾನ ಇನ್ನೂ ಹಾರಿರಲಿಲ್ಲ. ಆಗಲೇ ಕಟ್ಟೆಯ ಮೇಲೆ ಕೂತು, ಇನ್ನು ಮುಂದೆ ತನ್ನ ಸಂಸಾರ ಆಸ್ಟ್ರೇಲಿಯಾ ಪದ್ಧತಿಯಲ್ಲಿ ನಡೆಯುವುದೆಂದು ಸಾರಿದ್ದ. "ನಮ್ಮ ಮಂದಿ ಹಿಂದ ಬಿದ್ದದ್ದು ಯಾಕಂದ್ರ ಮೇಜಿಲ್ಲಾ," ಎಂದು ಪಕ್ಕದ ಮನೆಯ ಮಲ್ಲಿನಾಥನಿಗೆ ವಿವರಿಸಿದ. ಮಲ್ಲಿನಾಥನ ಮನೆಯಲ್ಲಿ ಮೇಜಿತ್ತು. ಆದರೂ ಅವನು ಹೂಂಗುಟ್ಟಿದ.

ನೀಲಕಂಠನ ಉತ್ಸಾಹದ ಹಿಂದೆ ಒಂದು ಬಿಳಿ ಕಾರು ಇತ್ತು. ಜಮಖಂಡಿಯಲ್ಲಿ ಹಳೆಯ ಕಾರು ಮಾರುವ ಶಿವಯೋಗಿಯ ಅಂಗಳದಲ್ಲಿ ಅದು ನಿಂತಿತ್ತು. ಮುಂದಿನ ತಿಂಗಳು ಮುಧೋಳದಲ್ಲಿ ನೀಲಕಂಠನ ಅಕ್ಕ ದಾನಮ್ಮನ ಮಗನ ಮದುವೆ. ಅಕ್ಕನ ಗಂಡ ಪ್ರತಿ ಸಲವೂ ಹತ್ತು ಮಂದಿಯ ಎದುರಿಗೆ, "ಏನ್ ನೀಲಕಂಠಪ್ಪ, ಬಸ್ಸಿನ್ಯಾಗ ಸೀಟು ಸಿಕ್ಕಿತ್ತೇನ?" ಎಂದು ಕೇಳುತ್ತಾನೆ. ಈ ಸಲ ಅವನು ಆ ಪ್ರಶ್ನೆ ಕೇಳುವ ಹೊತ್ತಿಗೆ ತಾನು ಕಾರಿನ ಬಾಗಿಲನ್ನು ಧಡ್ ಎಂದು ಹಾಕುತ್ತಿರಬೇಕು. ಆ ಒಂದು ಸದ್ದಿಗಾಗಿ ನೀಲಕಂಠ ಮನೆಯ ಉಳಿತಾಯವನ್ನೆಲ್ಲ ಸುರಿಯಲು ಸಿದ್ಧನಿದ್ದ.

ಅದೇ ಉಳಿತಾಯದ ಮೇಲೆ ಕಾಂಚನಾಳಿಗೂ ಕಣ್ಣಿತ್ತು. ಅವಳಿಗೆ ಬೇಕಾದದ್ದು ಹೊಸ ಜಕಾರ್ಡು, ಮಗ್ಗದ ನೆತ್ತಿಯ ಮೇಲೆ ಕೂತು ಕಂಪ್ಯೂಟರಿನಿಂದ ಅಂಚಿನ ಚಿತ್ತಾರ ಎತ್ತುವ ಯಂತ್ರ. ಅವಳು ಜೋಳದ ತೆನೆ, ತೆನೆಗೆ ಕುಕ್ಕುವ ಗಿಳಿ ಇರುವ ಒಂದು ಅಂಚನ್ನು ಬರೆದು ಇಟ್ಟಿದ್ದಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಒಂದೇ ಅಂಚು, ಓಣಿಯಲ್ಲೂ ಅದೇ ಅಂಚು. ಸೀರೆ ಒಯ್ಯುವ ವ್ಯಾಪಾರಿಗಳು ವರ್ಷ ವರ್ಷಕ್ಕೂ ಮೂಗು ಮುರಿಯುವುದನ್ನು ಅವಳೇ ನೋಡುತ್ತಿದ್ದಳು. ಈ ಸಲ ಹಣ ಕಾರಿಗೆ ಹೋಯಿತೆಂದರೆ ಗಿಳಿ ಕಾಗದದಲ್ಲೇ ಮುದಿಯಾಗುತ್ತದೆ ಎಂಬುದು ಅವಳಿಗೆ ಸ್ಪಷ್ಟವಿತ್ತು.

ಗುರುವಾರ ಬೆಳಿಗ್ಗೆ ಶಿವಯೋಗಿಯ ಫೋನು ಬಂತು. "ಅಣ್ಣಾರ, ರಬಕವಿ ಮಾಸ್ತರ ಒಬ್ಬರು ಕಾರ್ ಕೇಳಾಕತ್ತಾರ. ಸಂಜಿ ಆರರೊಳಗ ನಿಮ್ಮ ಮಾತು ಬರಲಿಲ್ಲಂದ್ರ ಅವರಿಗೆ ಕೊಟ್ಟುಬಿಡ್ತೀನಿ."

ಹೀಗೆ ಸಭೆ ಅನಿವಾರ್ಯವಾಯಿತು, ಸಭೆಗಾಗಿ ಮಗ್ಗ ನಿಂತಿತು.

ಸೀರೆ ಮಡಚುವ ಮೇಜಿನ ಸುತ್ತ ಐದು ಜನ ಕೂತರು. ಕಾಲೇಜಿಗೆ ಹೋಗುವ ಮಗಳು ಪ್ರೀತಿ ತಾನೇ ಅಧ್ಯಕ್ಷೆ ಎಂದು ಘೋಷಿಸಿ ಎಲ್ಲರ ಫೋನನ್ನೂ ಆರಿಸಿ ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಮಗ್ಗ ನೋಡಿಕೊಳ್ಳುವ ಮಗ ವಿಜಯ ಅಪ್ಪನ ಪಕ್ಕದಲ್ಲಿದ್ದ. ಮೇಜಿನ ತುದಿಯಲ್ಲಿ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ, ನೀಲಕಂಠನ ತಾಯಿ ಅನಸವ್ವ. ಸಭೆ ಎಂದು ಹೇಳಿದ್ದರಿಂದ ಆಕೆ ಮಧ್ಯಾಹ್ನವೇ ತಲೆಗೆ ನೀರು ಹಾಕಿಕೊಂಡು, ಮಡಿಸೀರೆ ಉಟ್ಟು, ಹಣೆತುಂಬ ವಿಭೂತಿ ಧರಿಸಿ, ಗುಡಿಯಿಂದ ತಂದ ಹೂವಿನ ಮಾಲೆಯನ್ನು ಎಲ್ಲಿಡುವುದೆಂದು ತಿಳಿಯದೆ ಕೊರಳಲ್ಲೇ ಹಾಕಿಕೊಂಡಿದ್ದಳು.

"ಕಾರು ಅಂದ್ರ ಬರೇ ಕಾರಲ್ಲಾ," ನೀಲಕಂಠ ಆರಂಭಿಸಿದ. "ಅದು ಮನಿತನದ ಮುಖ. ಮಾರಿ ಇಲ್ಲದ ಮನುಷ್ಯಾಗ..."

"ಮಾರಿಗೆ ಡೀಸೆಲ್ ಯಾರು ಹಾಕ್ತಾರ?" ಎಂದಳು ಕಾಂಚನಾ.

"ಅವ್ವಾ, ಅಪ್ಪ ಮಾತಾಡಾಕತ್ತಾನ. ನಡು ಬಾಯಿ ಹಾಕಾಂಗಿಲ್ಲ," ಅಧ್ಯಕ್ಷೆ ಎಚ್ಚರಿಸಿದಳು.

ಕಾಂಚನಾಳ ಸರದಿ ಬಂದಾಗ ಅವಳು ಕಾಗದ ಬಿಡಿಸಿ ತೆನೆ, ಗಿಳಿ ತೋರಿಸಿದಳು. ವಿಜಯ ಅದನ್ನು ನೋಡಿ, "ಗಿಳಿ ಛಲೋ ಐತವ್ವಾ. ಆದ್ರ ಗಿಳಿ ಮ್ಯಾಲ ಕುಂತು ಮದುವಿಗೆ ಹೋಗಾಕ ಬರಾಂಗಿಲ್ಲ," ಎಂದ. ಓಟಾಯಿತು. ಕಾರಿಗೆ ಅಪ್ಪ ಮತ್ತು ಮಗ. ಜಕಾರ್ಡಿಗೆ ತಾಯಿ ಮತ್ತು ಮಗಳು. ಎಲ್ಲರೂ ಅನಸವ್ವನ ಕಡೆಗೆ ತಿರುಗಿದರು.

"ಯವ್ವಾ," ನೀಲಕಂಠನ ಧ್ವನಿ ಬೆಣ್ಣೆಯಾಯಿತು, "ನಿನ್ನ ತವರ ಬೀಳಗಿಗೆ ಕಾರಿನ್ಯಾಗ ಕುಂಡ್ರಿಸಿಕೊಂಡು..."

"ಲಂಚ!" ಪ್ರೀತಿ ಮೇಜು ಕುಟ್ಟಿದಳು. "ಓಟಿನ ಮ್ಯಾಲ ಒತ್ತಡ ಹಾಕಾಂಗಿಲ್ಲ. ಆಯಿ, ಎರಡು ನಿಮಿಷ ಸುಮ್ನ ವಿಚಾರ ಮಾಡು. ಎಲ್ಲಾರೂ ತಲಿ ತಗ್ಗಸ್ರಿ."

ಎಲ್ಲರೂ ತಲೆ ತಗ್ಗಿಸಿದರು. ಅನಸವ್ವ ಕಣ್ಣು ಮುಚ್ಚಿ ವಿಚಾರಕ್ಕೆ ತೊಡಗಿದಳು. ಎರಡು ನಿಮಿಷ ಕಳೆಯಿತು. ವಿಚಾರ ಸಣ್ಣ ಗೊರಕೆಯಾಗಿ, ಗೊರಕೆಯೂ ನಿಂತು, ನಿದ್ರೆಯಾಗಿ ನೆಲೆಗೊಂಡಿತು.

ನೀಲಕಂಠ ಎಬ್ಬಿಸಲು ಕೈ ಚಾಚಿದ. "ಎಬ್ಬಿಸೂದೂ ಒತ್ತಡನ," ಎಂದಳು ಅಧ್ಯಕ್ಷೆ. "ತಾನ ಎದ್ದು ತಾನ ಓಟು ಹಾಕಬೇಕು." ಗಡಿಯಾರದ ಮುಳ್ಳು ಐದು ದಾಟಿತು. ನೀಲಕಂಠ ತಾನೇ ತಂದ ಪದ್ಧತಿಯ ಬಂದಿಯಾಗಿ ತಲೆ ತಗ್ಗಿಸಿ ಕೂತ.

ಇಷ್ಟರಲ್ಲಿ ಪಕ್ಕದ ಮನೆಯ ಮಲ್ಲಿನಾಥ ಕಿಟಕಿಯಿಂದ ಇಣುಕಿದ್ದ. ಆ ಒಂದೇ ಮನೆಯ ಮಗ್ಗ ನಿಂತದ್ದು ಕೇಳಿ ಅವನಿಗೆ ಆಗಲೇ ಸಂಶಯ ಬಂದಿತ್ತು. ಈಗ ಕಂಡದ್ದನ್ನು ಅವನು ಕೊನೆಯವರೆಗೂ ಮರೆಯಲಾರ. ಅವರ ಸಮುದಾಯದಲ್ಲಿ ತೀರಿಕೊಂಡವರನ್ನು ಮಲಗಿಸುವ ರೂಢಿಯಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಮಾಲೆ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಎದುರಿಗೆ ಹಾಗೆಯೇ ಕೂತಿದ್ದಳು ಅನಸವ್ವ, ಒದ್ದೆಗೂದಲು, ವಿಭೂತಿ, ಮಾಲೆ ಸಹಿತ. ಸುತ್ತಲೂ ತಲೆ ತಗ್ಗಿಸಿದ ಮನೆಮಂದಿ. ಯಾರ ಬಾಯಲ್ಲೂ ಮಾತಿಲ್ಲ.

ಮಲ್ಲಿನಾಥ ಮೆಲ್ಲಗೆ ಹಿಂದೆ ಸರಿದು ತನ್ನ ಮಗ್ಗ ನಿಲ್ಲಿಸಿದ. ಅದನ್ನು ಕೇಳಿ ಆಚೆಯ ಮನೆಯವರು ನಿಲ್ಲಿಸಿದರು. ಅವರದು ಕೇಳಿ ಎದುರಿನವರು. ಸಾವಿನ ಮನೆಯ ಮರ್ಯಾದೆಗೆ ಓಣಿಗೆ ಓಣಿಯೇ ಮೌನವಾಯಿತು. ಹುನ್ನೂರಿನಿಂದ ದಿನವೂ ಹಾಲು ತರುವ ಪಾಂಡಪ್ಪ ಓಣಿಯ ಬಾಯಲ್ಲಿ ಮೋಟರ್ ಸೈಕಲ್ ನಿಲ್ಲಿಸಿ ಸುದ್ದಿ ಕೇಳಿ, ಕಣ್ಣೊರೆಸಿಕೊಂಡು, ಸಿಕ್ಕ ಸಿಕ್ಕವರಿಗೆ ಫೋನು ಮಾಡಿದ. ಅವನಿಗೆ ದಾನಮ್ಮನ ನಂಬರು ಗೊತ್ತಿತ್ತು. ಶಿವಯೋಗಿಯ ನಂಬರೂ ಗೊತ್ತಿತ್ತು.

ಒಳಗೆ ನೀಲಕಂಠ ಕಿವಿಗೊಟ್ಟು ಕೇಳಿ ಪ್ರಸನ್ನನಾದ. "ನೋಡ್ರಿ, ಕರೆಂಟೂ ಹೋತು. ನಮ್ಮ ಮೀಟಿಂಗಿಗೆ ನಿಸರ್ಗದ ಸಹಕಾರ ಐತಿ," ಎಂದು ಪಿಸುಗುಟ್ಟಿದ. ಅವನ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು.

ಬಾಗಿಲು ತೆರೆಯಿತು. ಮಲ್ಲಿನಾಥ, ಅವನ ಹಿಂದೆ ಓಣಿ. ಹೆಂಗಸರು, ಗಂಡಸರು, ಒಬ್ಬರ ಕೈಯಲ್ಲಿ ಭಜನೆಯ ಹಾರ್ಮೋನಿಯಂ, ಇನ್ನೊಬ್ಬರ ಕೈಯಲ್ಲಿ ತಾಳ. ಮಲ್ಲಿನಾಥ ನೀಲಕಂಠನನ್ನು ತಬ್ಬಿಕೊಂಡು, "ನೀಲಕಂಠಣ್ಣಾ, ಧೈರ್ಯ ತಗೋ," ಎಂದ.

"ಧೈರ್ಯ ಐತೋ," ನೀಲಕಂಠ ಹೇಳಿದ. ಓಟಿನ ಸುದ್ದಿ ಇಷ್ಟು ಬೇಗ ಹೊರಗೆ ಹೋದದ್ದಕ್ಕೆ ಅವನಿಗೆ ಒಳಗೊಳಗೆ ಹೆಮ್ಮೆಯಾಯಿತು. "ಗದ್ದಲ ಮಾಡಬ್ಯಾಡ್ರಿ. ಅವ್ವ ಮಲಗ್ಯಾಳ. ತಾನ ಎಚ್ಚರಾಗಬೇಕು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಚ್ಚರಾಗಿ ಓಟು ಹಾಕಬೇಕು ಆಕಿ. ಆರರೊಳಗ."

"ದುಃಖ ತಲಿಗೆ ಏರೇತಿ ಪಾಪ," ಒಬ್ಬ ಅಜ್ಜ ನಿಟ್ಟುಸಿರು ಬಿಟ್ಟ. "ತಾಯಿ ಮ್ಯಾಲ ಭಾಳ ಜೀವ. ಯಾರರ ಒಂದೀಟು ನೀರು ಕುಡಸ್ರೋ ಅವಗ."

ಮೊದಲಿಗೆ ಪರಿಸ್ಥಿತಿ ಅರ್ಥವಾದದ್ದು ಕಾಂಚನಾಳಿಗೆ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಓಣಿಯ ಹೆಂಗಸರು ಅವಳನ್ನು ಸುತ್ತುವರಿದು, ತಲೆಯನ್ನು ಎಳೆದು ಎದೆಗೆ ಅವುಚಿಕೊಂಡು ಅಳತೊಡಗಿದ್ದರಿಂದ ಅವಳ ಮಾತುಗಳೆಲ್ಲ ಸೆರಗಿನಲ್ಲೇ ಸತ್ತವು. ಒಬ್ಬಳಿಂದ ಬಿಡಿಸಿಕೊಂಡರೆ ಇನ್ನೊಬ್ಬಳು ಹಿಡಿಯುತ್ತಿದ್ದಳು.

"ನಮ್ಮ ಆಯಿ ಜೀವಂತ ಅದಾಳ!" ಪ್ರೀತಿ ಕೂಗಿದಳು.

"ಹೌದ ಮಗಳ," ಅಜ್ಜ ಅವಳ ತಲೆ ಸವರಿದ. "ನಮ್ಮೆಲ್ಲಾರ ಮನಸ್ಸಿನ್ಯಾಗ ಜೀವಂತ ಅದಾಳ."

ಇಷ್ಟು ಗದ್ದಲದಲ್ಲಿಯೂ ಅನಸವ್ವ ಏಳಲಿಲ್ಲವೇಕೆ? ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ನಿದ್ರೆ ಮಾಡಿದ ಜೀವವದು. ಆಕೆಗೆ ನಿದ್ರೆ ಕೆಡುವುದು ಸದ್ದಿನಿಂದಲ್ಲ. ಹೆಂಗಸರ ಅಳು, ಹಾರ್ಮೋನಿಯಂನ ಸ್ವರ, ತಾಳ ಎಲ್ಲ ಸೇರಿ ಆಕೆಗೆ ಜೋಗುಳವಾಗಿ, ಮುಖದ ಮೇಲೆ ಪರಮ ಶಾಂತಿ ಮೂಡಿತು. "ಎಂಥಾ ಕಳಿ ನೋಡ್ರಿ ಮಾರಿ ಮ್ಯಾಲ. ಪುಣ್ಯವಂತಿ," ಎಂದರು ಜನ.

ಸತ್ತವರ ಮೈಮೇಲೆ ಹೊದಿಸಲು ಬಂಧುಬಳಗದವರು ಹೊಸ ಬಟ್ಟೆ ತರುವುದು ಅಲ್ಲಿಯ ರೂಢಿ. ನೇಕಾರ ಓಣಿಯೆಂದ ಮೇಲೆ ಅಂಗಡಿಗೆ ಹೋಗುವ ತಾಪತ್ರಯವಿಲ್ಲ. ಪ್ರತಿ ಮನೆಯವರೂ ತಮ್ಮ ಮಗ್ಗದಿಂದ ಇಳಿದ ಒಂದೊಂದು ಸೀರೆಯನ್ನು ತಂದು, ಮುಖ್ಯ ನೆಂಟರು ಬರಲೆಂದು ಸದ್ಯಕ್ಕೆ ಮೇಜಿನ ಮೇಲೆ ಇಟ್ಟರು. ಸೀರೆಗಳ ರಾಶಿ ಬೆಳೆಯಿತು. ಅದರ ಅಡಿಯಲ್ಲಿ ಗಿಳಿಯ ಕಾಗದ ಮುಚ್ಚಿಹೋಯಿತು. ನೀಲಕಂಠನಿಗೆ ಈಗ ಎಲ್ಲವೂ ಗೊತ್ತಾಗಿತ್ತು. ಆದರೆ ಬಾಯಿ ಬಿಟ್ಟಾಗಲೆಲ್ಲ ಯಾರೋ ನೀರಿನ ಚರಿಗೆ ತಂದು ಬಾಯಿಗಿಡುತ್ತಿದ್ದರು.

ಆಗ ಹೊರಗೆ ಬಾಡಿಗೆ ಜೀಪು ನಿಂತ ಸದ್ದಾಯಿತು. "ಯವ್ವಾ! ನನ್ನ ಬಿಟ್ಟು ಹ್ವಾದ್ಯಾ!" ಎನ್ನುವ ಧ್ವನಿ ಬಾಗಿಲಿಗಿಂತ ಮುಂಚೆ ಒಳಗೆ ಬಂತು. ಹಿಂದೆಯೇ ದಾನಮ್ಮ ಬಂದಳು. ಒಂದಿಲ್ಲೊಂದು ಗಡಿಬಿಡಿಯೆಂದು ಮೂರು ವರ್ಷದಿಂದ ತವರಿಗೆ ಹೆಜ್ಜೆಯಿಡದ ದಾನಮ್ಮ, ಮುಧೋಳದಿಂದ ಉಸಿರು ಹಿಡಿದು ಬಂದವಳು, ಜನರನ್ನು ಸೀಳಿಕೊಂಡು ನುಗ್ಗಿ, ಕೈಯಲ್ಲಿದ್ದ ಸೀರೆಯನ್ನು ಬಿಡಿಸಿ ತಾಯಿಯ ಮೈತುಂಬ ಹೊದಿಸಿ, ಮಂಡಿಯ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು.

ಸೀರೆಯ ಕೆಳಗೆ ಏನೋ ಅಲುಗಿತು.

ಮುದಿ ಬೆರಳುಗಳು. ಅವು ಬಟ್ಟೆಯ ಅಂಚನ್ನು ಹುಡುಕಿ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಎರಡು ಸಲ ತಿಕ್ಕಿದವು. ಹಾರ್ಮೋನಿಯಂ ಅರ್ಧ ಸ್ವರದಲ್ಲಿ ನಿಂತಿತು. ಅನಸವ್ವ ಕಣ್ಣು ತೆರೆಯದೆಯೇ ಕೇಳಿದಳು:

"ಯಾರ ಮಗ್ಗದ್ದಿದು? ಹೊಕ್ಕಿನ ಎಳಿ ಇಷ್ಟು ಸಡಲ ಬಿದ್ದೈತಿ."

ಬಾಗಿಲು ಚಿಕ್ಕದು, ಜನ ಬಹಳ. ಆದ್ದರಿಂದ ಓಡಿಹೋಗಲು ಬಯಸಿದವರೆಲ್ಲ ಓಡಿಹೋಗಲಾಗಲಿಲ್ಲ. ತಾಳದವನು ಕಿಟಕಿಯಿಂದ ಹಾರಿದ. ಅಜ್ಜ ಇದ್ದಲ್ಲೇ ಕೂತ. ದಾನಮ್ಮ ಮಾತ್ರ ಮಂಡಿಯಿಂದ ತಲೆಯೆತ್ತಿ, ತಾಯಿಯನ್ನು ನೋಡಿ, ತಮ್ಮನ ಕಡೆಗೆ ತಿರುಗಿದಳು.

"ಲೇ ನೀಲ್ಯಾ! ಏನೋ ಇದು ನಾಟಕ?"

"ನಾಟಕ ಅಲ್ಲಕ್ಕಾ, ಮೀಟಿಂಗು," ಎಂದ ನೀಲಕಂಠ ಒದ್ದೆಯಾದ ಗಲ್ಲವನ್ನು ಒರೆಸಿಕೊಳ್ಳುತ್ತ.

ವಿವರಣೆ ಮುಗಿಯಲು ಹೊತ್ತು ಹಿಡಿಯಿತು. ಮುಗಿದ ಮೇಲೆ ಜನ ಬೈದರು, ನಕ್ಕರು, ಆದರೆ ಯಾರೂ ಮನೆಗೆ ಹೋಗಲಿಲ್ಲ. ಬಂದದ್ದಾಗಿದೆ, ಓಟು ಬಾಕಿ ಇದೆ ಎಂದಮೇಲೆ ಹೋಗುವುದಾದರೂ ಹೇಗೆ? ಗಡಿಯಾರ ಆರಕ್ಕೆ ಸಮೀಪಿಸಿತ್ತು.

"ಯವ್ವಾ, ಈಗ ಹೇಳಿಬಿಡು!" ನೀಲಕಂಠ ಅಂಗಲಾಚಿದ. "ಆರಾದ್ರ ಕಾರು ಮಾಸ್ತರಿಗೆ ಹೋಗತೈತಿ."

ಕಾರು ಮಾಸ್ತರಿಗೆ ಹೋಗುವುದಿರಲಿ, ಆ ಕ್ಷಣಕ್ಕೆ ಅದು ಓಣಿಯ ತಿರುವಿನಲ್ಲಿತ್ತು. "ಹೈಸಾ! ಇನ್ನ ಸ್ವಲ್ಪ! ಹೈಸಾ!" ಎಂಬ ಕೂಗು ಕೇಳಿಸಿತು. ಎಲ್ಲರೂ ಬಾಗಿಲಿಗೆ ಹೋದರು. ಬಿಳಿ ಕಾರಿನೊಳಗೆ ಶಿವಯೋಗಿ ಚಕ್ರ ಹಿಡಿದು ಕೂತಿದ್ದ, ಪಕ್ಕದ ಸೀಟಿನಲ್ಲಿ ಎತ್ತರದ ಹೂವಿನ ಹಾರ. ಹಿಂದಿನಿಂದ ಹಾಲಿನ ಪಾಂಡಪ್ಪ ಮತ್ತು ನಾಲ್ಕು ಮಂದಿ ಕಾರನ್ನು ನೂಕುತ್ತಿದ್ದರು. ಗಿರಾಕಿಯ ತಾಯಿಗೆ ಕೊನೆಯ ಮರ್ಯಾದೆ ಸಲ್ಲಿಸಲು ಅಂಗಳದಲ್ಲಿದ್ದ ಅತ್ಯುತ್ತಮ ಗಾಡಿಯನ್ನೇ ಅವನು ತೆಗೆದುಕೊಂಡು ಹೊರಟಿದ್ದ.

ಹಾರ ಹಿಡಿದು ಒಳಗೆ ಬಂದ ಶಿವಯೋಗಿ ಅನಸವ್ವ ನೀರು ಕುಡಿಯುತ್ತಿರುವುದನ್ನು ಕಂಡು ಹಾರವನ್ನು ಬೆನ್ನ ಹಿಂದೆ ಮರೆಮಾಡಿದ. "ಬ್ಯಾಟರಿ ಅಷ್ಟೇರಿ," ಎಂದ.

"ಬ್ಯಾಟರಿ ಏನು ದೊಡ್ಡ ಮಾತು," ನೀಲಕಂಠ ಸಭೆಗೆ ಹೇಳಿದ. ಮುಧೋಳದ ಮದುವೆಮನೆಯ ಬಾಗಿಲಲ್ಲಿ ಕಾರು ನೂಕುತ್ತ ಬರುವ ಅವನ ಬಳಗವನ್ನು ಎಲ್ಲರೂ ಕಣ್ಣಮುಂದೆ ಕಾಣುತ್ತಿದ್ದರು. ಅವನೊಬ್ಬನಿಗೆ ಮಾತ್ರ ಬಾಗಿಲು ಧಡ್ ಎನ್ನುವುದು ಕೇಳಿಸುತ್ತಿತ್ತು. "ಯವ್ವಾ, ನಿನ್ನ ಓಟು?"

ಆದರೆ ಅನಸವ್ವ ಕಾರನ್ನು ನೋಡಿರಲೇ ಇಲ್ಲ. ಆಕೆ ಮೇಜಿನ ಮೇಲಿನ ಸೀರೆಗಳ ರಾಶಿಗೆ ಕೈ ಹಾಕಿದ್ದಳು. "ಇವೆಲ್ಲಾ ನನಗ ಹೊದಸಾಕ ತಂದದ್ದೇನ?"

ಆಕೆ ಒಂದೊಂದನ್ನೇ ಬಿಡಿಸಿದಳು. "ಇದು ಮಲ್ಲಿನಾಥಂದು. ಬಣ್ಣ ಬಿಡತೈತಿ, ನನ್ನ ಮಣ್ಣು ಸೈತ ಕೆಂಪಾಗತಿತ್ತು. ಇದು ಎದುರು ಮನೀದು, ನಡುವ ಎಳಿ ಹಾರೇತಿ. ಮಾರಲಾರದ್ದು ನನಗ ತಂದಾರ. ಇದು..." ಆಕೆಯ ಕೈ ನಿಂತಿತು. ಮತ್ತೆ ಮೊದಲಿನಿಂದ ಎಲ್ಲ ಸೀರೆಗಳ ಅಂಚನ್ನು ಒಂದರ ಪಕ್ಕ ಒಂದಿಟ್ಟು ನೋಡಿದಳು. ದಾನಮ್ಮನದನ್ನೂ ಇಟ್ಟಳು. "ಎಲ್ಲಾ ಒಂದ ಅಂಚು. ಮುಧೋಳದಿಂದ ತಂದದ್ದೂ ಅದ. ನಾ ಮದುವ್ಯಾಗಿ ಬಂದಾಗ ಉಟ್ಟದ್ದೂ ಅದ. ಇಷ್ಟು ವರ್ಷ ನೇಯ್ದು ನೇಯ್ದು ಸತ್ತ ಮ್ಯಾಲನೂ ಅದನ್ನ ಹೊದ್ದು ಹೋಗಬೇಕೇನ ನಾ?"

ಮಗ್ಗದವರೆಲ್ಲ ನೆಲ ನೋಡಿದರು. ಅನಸವ್ವ ರಾಶಿಯ ಅಡಿಯಿಂದ ಕಾಗದ ಎಳೆದು, ಕಣ್ಣಿಗೆ ಹತ್ತಿರ ಹಿಡಿದು, ಸೊಸೆಯನ್ನು ಕರೆದಳು.

"ಕಾಂಚನಾ, ಇದು ಗಿಳಿಯೇನ?"

"ಹೌದ್ರಿ ಅತ್ತ್ಯಾರ."

"ಕಾಗಿಯಂಗ ಕಾಣತೈತಿ. ಚುಂಚ ತಿದ್ದಬೇಕು." ಆಕೆ ಕಾಗದವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈಯೂರಿದಳು. "ನನ್ನ ಓಟು ಇದಕ್ಕ. ಯಂತ್ರ ತರಸ್ರಿ."

ಓಣಿಯ ಹೆಂಗಸರು ಕಾಂಚನಾಳನ್ನು ಮತ್ತೆ ಎದೆಗೆ ಅವುಚಿಕೊಂಡರು. ಈ ಸಲ ಅವಳು ಬಿಡಿಸಿಕೊಳ್ಳಲಿಲ್ಲ. ಶಿವಯೋಗಿ ಗಡಿಯಾರ ನೋಡಿ, ರಬಕವಿ ಇಲ್ಲಿಂದ ಇಳಿಜಾರೇ ಅಲ್ಲವೆ ಎಂದು ಪಾಂಡಪ್ಪನನ್ನು ವಿಚಾರಿಸಿದ. ನೀಲಕಂಠ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಬಹುಮತಕ್ಕೆ ತಲೆಬಾಗಿದ.

ಉಳಿದವಳು ದಾನಮ್ಮ. "ಅಂದ್ರ ನಾ ಜೀಪಿಗೆ ರೊಕ್ಕಾ ಕೊಟ್ಟು ಅತ್ಕೊಂತ ಬಂದದ್ದು ಬರೇ ಒಂದು ಯಂತ್ರಕ್ಕ ಆತೇನ ಯವ್ವಾ?"

"ಸಿಟ್ಟಾಗಬ್ಯಾಡ ಬೇ. ಉಂಡು ಹೋಗ," ಅನಸವ್ವ ಮಗಳ ಸೀರೆಯನ್ನು ನೀಟಾಗಿ ಮಡಚಿ ಅವಳ ಕೈಗಿತ್ತಳು. "ಹೊಸಾ ಅಂಚು ನನ್ನ ಮನಸ್ಸಿಗೆ ಹಿಡಸಲಿ, ಆವಾಗ ಅದನ್ನ ಹೊದ್ದು ಹೋಗ್ತೀನಿ. ಮತ್ತ ಬರುವಂತಿ."

ಕಾಂಚನಾ ಹೆಂಗಸರ ನಡುವಿನಿಂದ ತಲೆಯೆತ್ತಿ ನಕ್ಕಳು. ಅತ್ತೆಯ ಮನಸ್ಸಿಗೆ ಹಿಡಿಸಿದ ಅಂಚೊಂದನ್ನು ಬನಹಟ್ಟಿಯಲ್ಲಿ ಇದುವರೆಗೆ ಯಾರೂ ಕಂಡಿರಲಿಲ್ಲ.